ಅಬ್ಸರ್ವರ್ ಮಾದರಿ: ಕೇಳದೆಯೇ ತಲುಪುವ ಬದಲಾವಣೆಯ ಸುದ್ದಿ

ರೈಲೊಂದು ಅರ್ಧ ಗಂಟೆ ತಡವಾಗಲಿದೆ ಎಂಬ ಮಾಹಿತಿ ಗಣಕಯಂತ್ರದಲ್ಲಿ ದಾಖಲಾಯಿತು ಎನ್ನೋಣ. ನಿಲ್ದಾಣದ ಸೂಚನಾ ಫಲಕ, ಧ್ವನಿವರ್ಧಕದ ಪ್ರಕಟಣೆ, ಪ್ರಯಾಣಿಕರಿಗೆ ಹೋಗುವ ಎಸ್ಸೆಮ್ಮೆಸ್ ಮೂರಕ್ಕೂ ಅದು ಒಡನೆಯೇ ತಿಳಿಯಬೇಕು. ಇವು ಪ್ರತಿ ಕ್ಷಣವೂ ‘ಸಮಯ ಬದಲಾಯಿತೇ?’ ಎಂದು ವಿಚಾರಿಸುತ್ತಿದ್ದರೆ ಗಣಕದ ಶ್ರಮ ವ್ಯರ್ಥ. ಬದಲಾವಣೆಯಾದಾಗ ಮಾತ್ರ ಸುದ್ದಿ ತಾನಾಗಿಯೇ ತಲುಪುವಂತೆ ಮಾಡುವ ತಂತ್ರಾಂಶ ವಿನ್ಯಾಸವೇ ‘ಅಬ್ಸರ್ವರ್’ ಅಥವಾ ವೀಕ್ಷಕ ಮಾದರಿ.

ಹಿನ್ನೆಲೆ

ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸೈಡ್ಸ್ 1994ರಲ್ಲಿ ಹೊರತಂದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥದಲ್ಲಿ ವಿವರಿಸಲಾದ 23 ಮಾದರಿಗಳಲ್ಲಿ ಇದೂ ಒಂದು. ಆದರೆ ಕಲ್ಪನೆ ಅದಕ್ಕಿಂತ ಹಳೆಯದು. ಮಾಹಿತಿಯನ್ನೂ ಅದನ್ನು ತೋರಿಸುವ ಪರದೆಯನ್ನೂ ಬೇರ್ಪಡಿಸುವ ವಿಧಾನವನ್ನು ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲೇ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ್ದರು.

ಕಾರ್ಯವಿಧಾನ

ಮಾಹಿತಿಯನ್ನು ಹೊಂದಿರುವ ಘಟಕಕ್ಕೆ ‘ಸಬ್ಜೆಕ್ಟ್’ ಎಂದು ಹೆಸರು. ಸುದ್ದಿ ಬೇಕಾದ ವೀಕ್ಷಕ ಘಟಕಗಳು ಅದರ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳುತ್ತವೆ. ಬದಲಾವಣೆಯಾದೊಡನೆ ಸಬ್ಜೆಕ್ಟ್ ಪಟ್ಟಿಯಲ್ಲಿರುವ ಪ್ರತಿಯೊಂದರ ‘ಅಪ್‌ಡೇಟ್’ ಕಾರ್ಯವನ್ನು ಕರೆಯುತ್ತದೆ. ಕರೆ ಸ್ವೀಕರಿಸುವುದು ಫಲಕವೋ ಧ್ವನಿವರ್ಧಕವೋ ಎಂಬುದು ಅದಕ್ಕೆ ತಿಳಿಯಬೇಕಾಗಿಲ್ಲ. ಆದ್ದರಿಂದ ನಾಳೆ ಅಂತರಜಾಲ ತಾಣವೊಂದನ್ನು ಸೇರಿಸಬೇಕಾದರೂ ಮೂಲ ಘಟಕದ ಒಂದು ಸಾಲನ್ನೂ ತಿದ್ದಬೇಕಿಲ್ಲ. ಮಾದರಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ.

ಮರೆತರೆ ಅಪಾಯ

ನೋಂದಣಿಯಷ್ಟೇ ಮುಖ್ಯವಾದುದು ಅದರ ರದ್ದತಿ. ಬಳಕೆದಾರ ಕಿಟಕಿಯೊಂದನ್ನು ಮುಚ್ಚಿದರೂ ಅದರ ಹೆಸರು ಪಟ್ಟಿಯಲ್ಲೇ ಉಳಿದರೆ, ಅದು ಇನ್ನೂ ಬಳಕೆಯಲ್ಲಿದೆ ಎಂದೇ ಗಣಕ ಭಾವಿಸುತ್ತದೆ. ಅದು ಆಕ್ರಮಿಸಿದ ಸ್ಮೃತಿ ತೆರವಾಗುವುದಿಲ್ಲ. ದಿನಗಟ್ಟಲೆ ನಿಲ್ಲದೆ ನಡೆಯುವ ತಂತ್ರಾಂಶದಲ್ಲಿ ಇಂತಹ ಮರೆವುಗಳು ಕೂಡುತ್ತಾ ಹೋಗಿ, ಕೊನೆಗೆ ಇಡೀ ವ್ಯವಸ್ಥೆಯೇ ಸ್ಥಗಿತಗೊಳ್ಳಬಹುದು. ಸುದ್ದಿ ಪಡೆದ ವೀಕ್ಷಕವೇ ಮೂಲ ಮಾಹಿತಿಯನ್ನು ಮತ್ತೆ ಬದಲಿಸಿದರೆ ಕೊನೆಯಿಲ್ಲದ ಸರಪಳಿ ಆರಂಭವಾಗುವ ಭಯವೂ ಉಂಟು.

ಜಾವಾ ಭಾಷೆಯು 1996ರ ಮೊದಲ ಆವೃತ್ತಿಯಲ್ಲೇ ‘ಅಬ್ಸರ್ವರ್’, ‘ಅಬ್ಸರ್ವಬಲ್’ ಎಂಬ ಸಿದ್ಧ ಘಟಕಗಳನ್ನು ಒದಗಿಸಿತ್ತು. ಸುದ್ದಿ ಯಾರಿಗೆ ಮೊದಲು ತಲುಪುತ್ತದೆ ಎಂಬ ಖಾತರಿ ಇಲ್ಲದಿರುವುದೇ ಮೊದಲಾದ ಕೊರತೆಗಳಿಂದಾಗಿ 2017ರಲ್ಲಿ ಬಂದ ಜಾವಾ 9ರಲ್ಲಿ ಅವುಗಳನ್ನು ಬಳಸದಂತೆ ಸೂಚಿಸಲಾಯಿತು. ಆದರೆ ಮಾದರಿ ಮರೆಯಾಗಲಿಲ್ಲ. ಬ್ರೌಸರ್‌ನಲ್ಲಿ ಗುಂಡಿಯೊಂದನ್ನು ಕ್ಲಿಕ್ ಮಾಡಿದಾಗ ಅದಕ್ಕಾಗಿ ಕಾದಿದ್ದ ಕಾರ್ಯ ಜಾಗೃತವಾಗುವುದು ಇಂದಿಗೂ ಇದೇ ತತ್ತ್ವದಿಂದ.