ಮನೆಯ ವಿಮೆ: ಸಾಲ ಕೊಟ್ಟವರಿಂದ ಮನೆಯವರ ಕಡೆಗೆ

ಮನೆಗೆ ವಿಮೆ ಇದೆಯೇ ಎಂದು ಕೇಳಿದರೆ ‘ಲೋನ್ ಕೊಡುವಾಗ ಬ್ಯಾಂಕಿನವರೇ ಮಾಡಿಸಿದ್ದಾರಲ್ಲ’ ಎನ್ನುವವರು ಬಹಳ. ಎಷ್ಟೋ ಸಲ ಅದು ಮನೆಯ ವಿಮೆಯೇ ಆಗಿರುವುದಿಲ್ಲ. ಸಾಲ ಪಡೆದವರು ತೀರಿಕೊಂಡರೆ ಬಾಕಿ ಚುಕ್ತಾ ಮಾಡುವ ಜೀವವಿಮೆ ಅದು. ಮಳೆಗೆ ಗೋಡೆ ಕುಸಿದರೆ ಅದರಿಂದ ಒಂದು ರೂಪಾಯಿಯೂ ಬರದು. ಇದರಲ್ಲಿ ಜನರ ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಆಸ್ತಿವಿಮೆ ಬಹುಕಾಲ ವಾಸದ ಮನೆಯವರನ್ನು ಮುಂದಿಟ್ಟುಕೊಂಡು ಬೆಳೆಯಲೇ ಇಲ್ಲ.

ಲಂಡನ್ನಿನಲ್ಲಿ 1666ರ ಮಹಾ ಅಗ್ನಿದುರಂತದ ನಂತರ ನಿಕೋಲಸ್ ಬಾರ್ಬನ್ ಮನೆಗಳಿಗೆ ಬೆಂಕಿವಿಮೆ ಆರಂಭಿಸಿದ. ಭಾರತದಲ್ಲಿ 1850ರಲ್ಲಿ ಕಲ್ಕತ್ತಾದ ಟ್ರೈಟನ್ ಕಂಪನಿಯಿಂದ ಸಾಮಾನ್ಯ ವಿಮೆ ಶುರುವಾಯಿತು. 1973ರ ರಾಷ್ಟ್ರೀಕರಣದಲ್ಲಿ 107 ಸಂಸ್ಥೆಗಳು ಸೇರಿ ನಾಲ್ಕು ಸರ್ಕಾರಿ ಕಂಪನಿಗಳಾದವು. ದರವನ್ನೂ ಷರತ್ತನ್ನೂ ಟ್ಯಾರಿಫ್ ಸಲಹಾ ಸಮಿತಿ ಗೊತ್ತುಮಾಡುತ್ತಿತ್ತು. ಕಾರ್ಖಾನೆಗೂ ವಾಸದ ಮನೆಗೂ ಮೂಲದಲ್ಲಿ ಒಂದೇ ಅಗ್ನಿವಿಮೆ ಪಾಲಿಸಿ. ಭೂಕಂಪದ ರಕ್ಷಣೆ ಬೇಕೆಂದರೆ ಬೇರೆ ಕಂತು.

ಆ ಪಾಲಿಸಿಯಲ್ಲಿ ಮನೆಯವರಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ‘ಸರಾಸರಿ’ ಷರತ್ತು. ಹತ್ತು ಚದರದ ಮನೆ ಮತ್ತೆ ಕಟ್ಟಲು 20 ಲಕ್ಷ ಬೇಕು, ಸಾಲದ ಲೆಕ್ಕಕ್ಕೆ 10 ಲಕ್ಷಕ್ಕಷ್ಟೇ ವಿಮೆ ಮಾಡಿಸಿದೆ ಎನ್ನೋಣ. ಬೆಂಕಿಯಿಂದ 4 ಲಕ್ಷ ನಷ್ಟವಾದರೆ ಕೈಗೆ ಬರುವುದು 2 ಲಕ್ಷ. ಅರ್ಧಕ್ಕೇ ವಿಮೆ ಮಾಡಿಸಿದ್ದೀರಿ, ಉಳಿದ ಅರ್ಧದ ಹೊಣೆ ನಿಮ್ಮದೇ ಎಂಬ ನ್ಯಾಯ. ಸರ್ವೇಯರ್ ಬಂದು ಲೆಕ್ಕ ಹಾಕಿದಾಗಲೇ ಇದು ಮನೆಯವರ ಅರಿವಿಗೆ ಬರುತ್ತಿತ್ತು.

2000ದಲ್ಲಿ ಖಾಸಗಿ ಕಂಪನಿಗಳು ಬಂದವು, 2007ರಲ್ಲಿ ದರದ ನಿಯಂತ್ರಣ ಸಡಿಲವಾಯಿತು. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 2021ರ ಏಪ್ರಿಲ್ 1ರದು. ಅಂದಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಸರಾಸರಿ ಷರತ್ತನ್ನು ಇದರಲ್ಲಿ ಪೂರ್ತಿ ಕೈಬಿಡಲಾಗಿದೆ: ಮೇಲಿನ ಮನೆಗೆ ಇಲ್ಲಿ ವಿಮಾ ಮೊತ್ತದ ಮಿತಿಯೊಳಗೆ ಪೂರ್ತಿ 4 ಲಕ್ಷ ಸಿಗಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆಯ ಜೊತೆಗೆ ಭೂಕಂಪ, ಭೂಕುಸಿತ, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕ್ ಒಡೆದು ಆಗುವ ಹಾನಿ ಎಲ್ಲವೂ ಒಂದೇ ಪಾಲಿಸಿಯಲ್ಲಿ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನುಗಳಿಗೆ ಪಟ್ಟಿ ಕೊಡದೆಯೇ ರಕ್ಷಣೆ. ಒಡವೆಗಳಿಗೆ ಮಾತ್ರ ಪ್ರತ್ಯೇಕ ರಕ್ಷಣೆ ಕೇಳಿ ಪಡೆಯಬೇಕು. ಕಳ್ಳತನವನ್ನು ಓದುಗರು ವಿಶೇಷವಾಗಿ ಗಮನಿಸಬೇಕು: ನೆರೆ, ಬೆಂಕಿಯಂಥ ವಿಮಿತ ಅನಾಹುತದ ಬೆನ್ನಿಗೆ ಏಳು ದಿನದೊಳಗೆ ನಡೆದ ಕಳವಿಗಷ್ಟೇ ಮೂಲ ಪಾಲಿಸಿ ಅನ್ವಯಿಸುತ್ತದೆ.

ವಿಮಾ ಮೊತ್ತವೆಂದರೆ ಕಾರ್ಪೆಟ್ ಏರಿಯಾವನ್ನು ಇಂದಿನ ಕಟ್ಟುವ ದರದಿಂದ ಗುಣಿಸಿದ ಮೊತ್ತ. ಸೈಟಿನ ಬೆಲೆ ಅದರಲ್ಲಿ ಸೇರದು. ಬೆಂಗಳೂರಿನ ಕೋಟಿ ರೂಪಾಯಿಯ ಮನೆಯ ಬಹುಪಾಲು ಬೆಲೆ ನೆಲದ್ದಾದ್ದರಿಂದ ಕಂತು ಜನ ಅಂದುಕೊಂಡಷ್ಟು ಭಾರವಾಗುವುದಿಲ್ಲ. ಕೊಡಗಿನಲ್ಲಿ ಈ ಲೆಕ್ಕ ತಲೆಕೆಳಗು. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಜರಿದಾಗ ಮನೆಯ ಜೊತೆ ನಿವೇಶನವೂ ಹೋಯಿತು. ಅಂಥ ಸಂದರ್ಭದಲ್ಲಿ ವಿಮೆ ಮನೆ ಕಟ್ಟಲು ಹಣ ಕೊಟ್ಟೀತು, ಕಟ್ಟುವ ಜಾಗಕ್ಕಲ್ಲ.

ಕರಾವಳಿಯ ಸಂಕಷ್ಟ ಇನ್ನೂ ತೀವ್ರ. ಹಳೆಯ ಕಟ್ಟಡದ ಸವೆತ, ಕಳಪೆ ಕಾಮಗಾರಿಯಿಂದಾದ ಕುಸಿತ ವಿಮೆಯಿಂದ ಹೊರಗಿರುವುದನ್ನು ಒಪ್ಪಬಹುದು. ಆದರೆ ಭೂಕುಸಿತದ ರಕ್ಷಣೆಯಿಂದ ಕಡಲು ಮತ್ತು ಹೊಳೆಯ ಕೊರೆತವನ್ನೂ ಹೊರಗಿಡಲಾಗಿದೆ. ಉಳ್ಳಾಲ, ಸೋಮೇಶ್ವರದ ತೀರದಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ ಉಳಿಯುವುದು ಸರ್ಕಾರದ ಪರಿಹಾರವೊಂದೇ. ಭೂಕಂಪವನ್ನು ಮೂಲ ಪಾಲಿಸಿಗೆ ಸೇರಿಸಲು ಸಾಧ್ಯವಾದ ಮೇಲೆ ಇದಕ್ಕೂ ಒಂದು ದಾರಿಯನ್ನು ಪ್ರಾಧಿಕಾರ ಹುಡುಕಲೇಬೇಕು.