ಮರ್ಚೆಂಟ್ ನೇವಿ: ಕೋರ್ಸ್ ಮುಗಿಸಿದರೆ ಅಧಿಕಾರಿ ಕೆಲಸ ಗ್ಯಾರಂಟಿಯೇ?

‘ಜಗತ್ತಿನಲ್ಲಿ ಹಡಗು ಅಧಿಕಾರಿಗಳಿಗೆ ಭಾರೀ ಕೊರತೆ. ಒಂದು ವರ್ಷದ ಕೋರ್ಸ್ ಮಾಡಿ, ಲಕ್ಷ ಲಕ್ಷ ಸಂಬಳ ಪಡೆಯಿರಿ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಕೊರತೆ ಇದೆ. 2026ರ ವೇಳೆಗೆ ಇನ್ನೂ 89,510 ಅಧಿಕಾರಿಗಳು ಬೇಕಾಗುತ್ತಾರೆ ಎಂದು ಹಡಗು ಉದ್ಯಮದ ಸಂಘಟನೆಗಳಾದ ಬಿಮ್ಕೊ ಮತ್ತು ಐಸಿಎಸ್ 2021ರಲ್ಲೇ ಅಂದಾಜಿಸಿದ್ದವು. ಆದರೆ ಹೆಚ್ಚು ಕೊರತೆ ಇರುವುದು ಅನುಭವಿಗಳಿಗೆ. ತೈಲ ಸಾಗಿಸುವ ಟ್ಯಾಂಕರ್‌ಗಳನ್ನೇ ನೋಡಿ: ಹಡಗನ್ನು ಬಾಡಿಗೆಗೆ ಪಡೆಯುವ ತೈಲ ಕಂಪನಿಗಳು, ಕ್ಯಾಪ್ಟನ್ ಮತ್ತು ಚೀಫ್ ಆಫೀಸರ್ ಆ ಹುದ್ದೆಯಲ್ಲಿ ಎಷ್ಟು ವರ್ಷ ದುಡಿದಿದ್ದಾರೆ ಎಂದು ಲೆಕ್ಕ ಕೇಳುತ್ತವೆ. ನಿನ್ನೆ ಮೊನ್ನೆ ತರಬೇತಿ ಮುಗಿಸಿದವರು ಆ ಜಾಗ ತುಂಬಲಾರರು.

ಹೊಸಬರ ಕಷ್ಟವೇ ಬೇರೆ. ಪಿಯುಸಿ ನಂತರ ಒಂದು ವರ್ಷದ ಡಿಎನ್‌ಎಸ್ ಡಿಪ್ಲೊಮಾ ಮುಗಿಸಿದವರು ಅಧಿಕಾರಿಯಲ್ಲ, ಕೆಡೆಟ್. 18 ತಿಂಗಳು ಹಡಗಿನಲ್ಲಿ ಕಲಿತು, ಸೆಕೆಂಡ್ ಮೇಟ್ ಪರೀಕ್ಷೆ ಪಾಸಾದ ಮೇಲಷ್ಟೇ ಥರ್ಡ್ ಆಫೀಸರ್ ಆಗುವ ಅರ್ಹತೆ. ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್ ಓದಿದವರಿಗೆ ಈ ಅವಧಿ 12 ತಿಂಗಳು. ಅಲ್ಲಿಯವರೆಗೆ ಸಿಗುವುದು ಸ್ಟೈಪೆಂಡ್. ಫಾರ್ವರ್ಡ್‌ನಲ್ಲಿರುವ ‘ಲಕ್ಷ’ ಅದಲ್ಲ.

ಸಮಸ್ಯೆ ಶುರುವಾಗುವುದೇ ಇಲ್ಲಿ. ಒಂದು ಹಡಗಿನಲ್ಲಿ ಕೆಡೆಟ್‌ಗಳಿಗಿರುವುದು ಬೆರಳೆಣಿಕೆಯ ಜಾಗ. ಕಾಲೇಜು ಸೇರುವ ಮೊದಲೇ ಹಡಗು ಕಂಪನಿಯ ಸ್ಪಾನ್ಸರ್‌ಶಿಪ್ ಪಡೆದವರಿಗೆ ದಾರಿ ಬಹುಮಟ್ಟಿಗೆ ಸಲೀಸು. ಉಳಿದವರು ಸರ್ಟಿಫಿಕೇಟ್ ಹಿಡಿದು ಮುಂಬೈನ ಕಚೇರಿಗಳಿಗೆ ಅಲೆಯುತ್ತಾರೆ. ಪರೀಕ್ಷೆ ಪಾಸಾದ ಬಳಿಕವೂ ಹಲವು ಕಂಪನಿಗಳು ತಮ್ಮಲ್ಲೇ ಕಲಿತ ಕೆಡೆಟ್‌ಗಳಿಗೇ ಮೊದಲ ಮಣೆ ಹಾಕುತ್ತವೆ.

ಏಜೆಂಟರಿಗೆ ಬಂಡವಾಳ ಈ ಕಾಯುವಿಕೆಯೇ. ‘ಇಷ್ಟು ಲಕ್ಷ ಕೊಡಿ, ಮುಂದಿನ ತಿಂಗಳೇ ಹಡಗು’ ಎಂದಾಗ ಹೊಲ ಅಡವಿಟ್ಟಾದರೂ ಕೊಡುವ ಮನೆಗಳಿವೆ. ಇದು ಕಾನೂನುಬಾಹಿರ. ನಾವಿಕರ ನೇಮಕಾತಿಗೆ ಡಿ.ಜಿ. ಶಿಪ್ಪಿಂಗ್ ನೀಡುವ ಆರ್‌ಪಿಎಸ್‌ಎಲ್ ಪರವಾನಗಿ ಬೇಕು. ಪರವಾನಗಿ ಇದ್ದವರೂ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. 2016ರ ನಿಯಮಗಳು ಇದನ್ನು ನಿಷೇಧಿಸುತ್ತವೆ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿ, ಇವುಗಳ ಖರ್ಚು ಮಾತ್ರ ನಿಮ್ಮದಾಗಬಹುದು.

ಹಾಗಾಗಿ ಕಾಲೇಜು ಶುಲ್ಕ ಕಟ್ಟುವ ಮೊದಲು ‘ಪ್ಲೇಸ್‌ಮೆಂಟ್ ಇದೆಯಾ?’ ಎಂದು ಕೇಳಿದರೆ ಸಾಲದು. ಯಾವ ಕಂಪನಿ, ಸ್ಪಾನ್ಸರ್‌ಶಿಪ್ ಪತ್ರ ಯಾರ ಹೆಸರಿನಲ್ಲಿದೆ, ಆರ್‌ಪಿಎಸ್‌ಎಲ್ ಸಂಖ್ಯೆ ಏನು ಎಂದು ಕೇಳಿ. ಆ ಸಂಖ್ಯೆಯನ್ನು ಡಿ.ಜಿ. ಶಿಪ್ಪಿಂಗ್ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಏಜೆಂಟ್ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ.