ಒಂದು ವರ್ಷದ ಸಂಬಳ

ನಮ್ಮೂರು ಹಂಗಳ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಬಂದವರು ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗೋದು ಇಲ್ಲೇ. ನನ್ನ ಚಿಕ್ಕಪ್ಪನ ಮಗ ನೀಲಗಾರರ ಪದಗಳ ಮೇಲೆ ಪಿಎಚ್.ಡಿ ಮಾಡ್ತಿದ್ದಾನೆ. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆ ಹಾಡುವ ಹಿರಿಯರ ಮನೆಗಳಿಗೆ ಹೋಗಿ ರೆಕಾರ್ಡ್ ಮಾಡ್ಕೊಂಡು ಬರ್ತಾನೆ. ಎಂಟು ತಿಂಗಳಿಂದ ಫೆಲೋಶಿಪ್ ದುಡ್ಡು ಬಂದಿಲ್ಲ. ಒಂದು ರಾತ್ರಿ ಫೋನ್ ಮಾಡಿ, "ಅಣ್ಣ, ನಿಮ್ ಕಂಪನೀಲಿ ಏನಾರ ಕೆಲ್ಸ ಸಿಕ್ಕುದಾ?" ಅಂದ. "ಟೆಸ್ಟಿಂಗ್ ಕೋರ್ಸ್ ಮಾಡು, ನೋಡಾಣ" ಅಂದುಬಿಟ್ಟೆ.

ಎಂ.ಎನ್. ಶ್ರೀನಿವಾಸ್ ಅವರ ಬಗ್ಗೆ ಓದಿದ್ದು ಆಮೇಲೆ. ಟಿವಿಯಲ್ಲಿ ದಿನಾ ಕೇಳುವ 'ವೋಟ್ ಬ್ಯಾಂಕ್' ಅನ್ನೋ ಮಾತನ್ನು 1955ರ ಒಂದು ಪ್ರಬಂಧದಲ್ಲಿ ಬಳಕೆಗೆ ತಂದವರು ಇವರೇ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಘುರ್ಯೆ ಅವರ ಹತ್ತಿರ ಓದಿ, 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಡಾಕ್ಟರೇಟ್ ಮುಗಿಯುತ್ತಿದ್ದಂತೆ ಅಲ್ಲೇ ಉಪನ್ಯಾಸಕರ ಕೆಲಸ ಸಿಕ್ಕಿತು. ಮೇಲಿನವರಾಗಿದ್ದ ಇವಾನ್ಸ್-ಪ್ರಿಚರ್ಡ್ ಒಂದು ಉಪಕಾರ ಮಾಡಿದರು: ಮೊದಲ ವರ್ಷ ಪಾಠ ಮಾಡಬೇಕಿಲ್ಲ, ಹಳ್ಳಿಗೆ ಹೋಗಿ ಅಧ್ಯಯನ ಮಾಡಬಹುದು.

ಹಾಗೆ 1948ರಲ್ಲಿ ಶ್ರೀನಿವಾಸ್ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಬಂದರು. ಪುಸ್ತಕದಲ್ಲಿ ಅದಕ್ಕೆ ಕೊಟ್ಟ ಹೆಸರು ರಾಂಪುರ. ಊರ ಪಟೇಲರು ಎತ್ತು ಕಟ್ಟುತ್ತಿದ್ದ ಮನೆಯಲ್ಲೇ ಬಿಡಾರ. ಗದ್ದೆ, ಜಗಳ, ಮದುವೆ, ನ್ಯಾಯಪಂಚಾಯ್ತಿ ಎಲ್ಲವನ್ನೂ ನೋಡಿದರು, ಬರೆದುಕೊಂಡರು.

ಆ ಟಿಪ್ಪಣಿಗಳನ್ನು ಹದಿನೆಂಟು ವರ್ಷ ಒಪ್ಪ ಮಾಡಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟರು. ಮೂರು ಪ್ರತಿ ಇದ್ದವು, ಮೂರೂ ಒಂದೇ ಕೋಣೆಯಲ್ಲಿ! ಬ್ಯಾಕಪ್ ಅಂದರೇನು ಅಂತ ಗೊತ್ತಿರುವ ನಮಗೆ ಎದೆ ಧಸಕ್ಕನ್ನುತ್ತೆ. ಆದರೂ ನೆನಪಿನಿಂದಲೇ ಬರೆದರು. 'ದಿ ರಿಮೆಂಬರ್ಡ್ ವಿಲೇಜ್' ಬಂದದ್ದು 1976ರಲ್ಲಿ, ಹಳ್ಳಿಗೆ ಹೋಗಿ 28 ವರ್ಷವಾದ ಮೇಲೆ. ಕಾಗದ ಸುಟ್ಟಿತು, ಅಲ್ಲಿ ಬದುಕಿದ್ದ ಆ ಒಂದು ವರ್ಷ ಸುಡಲಿಲ್ಲ.

ಈ ಲೆಕ್ಕವನ್ನು ನಮ್ಮ ಮ್ಯಾನೇಜರ್ ಮುಂದೆ ಇಟ್ಟರೆ ನಗ್ತಾರೆ. ಆದರೆ ಬಿಇ ಮುಗಿಸಿ ಸೇರಿದಾಗ ನನಗೆ ನಾಲ್ಕು ತಿಂಗಳು ಟ್ರೈನಿಂಗು, ಮೂರು ತಿಂಗಳು ಬೆಂಚು. ಉಪಯೋಗಕ್ಕೆ ಬರುವ ಒಂದು ಸಾಲು ಕೋಡ್ ಬರೆದಿರಲಿಲ್ಲ. ಸಂಬಳ ಮಾತ್ರ ತಿಂಗಳ ಕೊನೆಗೆ ಸರಿಯಾಗಿ ಬರ್ತಿತ್ತು. ಅದನ್ನು ಯಾರೂ ದಂಡ ಅನ್ನಲಿಲ್ಲ, ತಯಾರಿ ಅಂದರು. ಹಾಡು ಕಲೆಹಾಕುವ ಹುಡುಗನಿಗೆ ಮಾತ್ರ "ಇದರಿಂದ ಏನು ಪ್ರಯೋಜನ?" ಅಂತ ಕೇಳ್ತೀವಿ.

ಶ್ರೀನಿವಾಸ್ ಮುಂದೆ ಬೆಂಗಳೂರಿಗೆ ಬಂದು, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಐಸೆಕ್ ಸೇರಿದರು. ನಾಗರಭಾವಿಯ ಆ ಕ್ಯಾಂಪಸ್ ಪಕ್ಕ ಎಷ್ಟು ಸಲ ಓಡಾಡಿದ್ದೀನೋ, ಒಳಗೆ ಏನು ನಡೆಯುತ್ತೆ ಅಂತ ಯೋಚಿಸಿರಲಿಲ್ಲ.

ಇಷ್ಟು ಓದಿದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. "ಕೋರ್ಸ್ ಬ್ಯಾಡ. ಒಂದು ವರ್ಷದ ಖರ್ಚು ನಾನು ನೋಡ್ಕತೀನಿ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಬಸ್ ಚಾರ್ಜಿಗೆ ಇಸ್ಕತೀನಿ ಕನಣ್ಣ. ಆದ್ರೆ ನಿನ್ ಕಾಸು ಸಾಲ. ನನ್ ಕಾಸು ಬರ್ಬೇಕು."

ಅವನು ಹೇಳಿದ್ದೇ ಸರಿ. ಶ್ರೀನಿವಾಸರಿಗೆ ಸಿಕ್ಕಿದ್ದು ಅಣ್ಣನ ಸಹಾಯವಲ್ಲ, ಸಂಬಳ.